ದಂಡನೆಯಿಂದ ಮಣ್ಣಿನ ಪಾಠದೆಡೆಗೆ

ತಪ್ಪುಗೈದ ಬಾಲಕನನ್ನು ತಿದ್ದುವ ಬಗೆ ಯಾವುದು? 1840ರಲ್ಲಿ ಪ್ಯಾರಿಸ್ಸಿನ ನ್ಯಾಯಾಧೀಶರಾಗಿದ್ದ ದೆಮೆಜ್ ಎಂಬವರು ಫ್ರಾನ್ಸಿನ ಮೆತ್ರೆಯಲ್ಲಿ ಇಂತಹ ಬಾಲಕರಿಗಾಗಿ ಕೃಷಿ ವಸಾಹತನ್ನು ತೆರೆದರು. ಅಲ್ಲಿ ಹೊಲವಿತ್ತು, ಜೊತೆಗೆ ಸೈನಿಕ ಶಿಸ್ತೂ ಇತ್ತು. ಬ್ರಿಟಿಷ್ ಭಾರತದಲ್ಲಿ 1864ರ ಕಾಯಿದೆಯು ಬಾಲಾಪರಾಧಿಗಳಿಗೆ ಛಡಿ ಏಟನ್ನು ವಿಧಿಸಲು ಅವಕಾಶವಿತ್ತಿತು. 1897ರ ಕಾಯಿದೆಯು 15 ವರ್ಷದೊಳಗಿನ ಬಾಲಕರನ್ನು ಸೆರೆಮನೆಯ ಬದಲು ಸುಧಾರಣಾ ಶಾಲೆಗೆ ಕಳುಹಿಸಲು ಅನುವು ಮಾಡಿತು.

2015ರ ಬಾಲನ್ಯಾಯ ಕಾಯಿದೆಯಂತೆ ಬಾಲನ್ಯಾಯ ಮಂಡಳಿಯು ಸಮುದಾಯ ಸೇವೆಯನ್ನು ವಿಧಿಸಬಹುದು. 2016ರ ಮಾದರಿ ನಿಯಮಗಳು 14 ವರ್ಷ ಮೀರಿದವರಿಗೆ ಹೇಳಿದ ಸೇವೆಗಳಲ್ಲಿ ಉದ್ಯಾನವನದ ಪಾಲನೆಯೂ ಒಂದು.

ಆದರೆ ದುಡಿಮೆಯೆಲ್ಲವೂ ಶಿಕ್ಷಣವಲ್ಲ. ಆಳಂದ ತಾಲೂಕಿನ ಭೂಸನೂರಿನಂತಹ ಗ್ರಾಮದಲ್ಲಿ ಕಾರಣ ತಿಳಿಸದೆ ಹುಡುಗನಿಂದ ಕಳೆ ಕೀಳಿಸಿದರೆ ಅದು ದಂಡನೆಯೇ ಸರಿ. ತೊಗರಿಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲವನ್ನು ಫಲವತ್ತಾಗಿಸುವ ಬಗೆಯನ್ನು ತೋರಿಸಿಕೊಟ್ಟರೆ ಅದು ವಿದ್ಯೆ.

ಬಸದಿಯ ಟ್ರಸ್ಟುಗಳಿಗೆ ಮರ, ಬಾವಿ, ಅಂಗಳಗಳುಂಟು. ಮಂಡಳಿಯ ಅನುಮತಿಯಿಂದ ಅವು ಪಾಠಶಾಲೆಯಾಗಬಲ್ಲವು. ಹುಡುಗನ ಗುರುತನ್ನು ಪ್ರಕಟಿಸುವುದನ್ನು ಕಾಯಿದೆಯೇ ನಿಷೇಧಿಸಿದೆ. ಅವನ ಹಳೆಯ ತಪ್ಪನ್ನು ನಾಲಗೆಯಿಂದಲೂ ಕೆದಕದಿರುವುದು ಶ್ರಾವಕನ ಅಹಿಂಸೆ.