ಇಂಗ್ಲಿಷ್ ಬಿ.ಎ., ಕಥೆ ಬರೆಯುವ ಕ್ಲಾಸು: ಫೀಸು ಕಟ್ಟುವ ಮೊದಲು ತಿಳಿದಿರಲಿ

ಮಣಿಪಾಲ: ಪಿಯುಸಿ ಮುಗಿಸಿದ ಮಗಳು "ಇಂಗ್ಲಿಷ್ ಸಾಹಿತ್ಯ ಓದ್ತೇನೆ, ಕಥೆ ಬರೀಲಿಕ್ಕೆ ಕಲೀತೇನೆ" ಅಂದರೆ, ಅಂಗಡಿಯಲ್ಲಿ ಕೂತ ಅಪ್ಪನ ಮೊದಲ ಪ್ರಶ್ನೆ: "ಅದರಲ್ಲಿ ಕೆಲಸ ಉಂಟಾ?" ಪ್ರಶ್ನೆ ತಪ್ಪಲ್ಲ. ಮೆಡಿಕಲ್, ಎಂಜಿನಿಯರಿಂಗ್ ಬಗ್ಗೆ ನಮ್ಮೂರಲ್ಲಿ ಹೇಳುವವರು ಬೇಕಾದಷ್ಟು ಜನ. ಈ ಓದಿನ ಬಗ್ಗೆ ಹೇಳುವವರು ಕಡಿಮೆ. ಹಾಗಾಗಿ ಈ ಮಾಹಿತಿ.

ಸ್ಪೋಕನ್ ಇಂಗ್ಲಿಷ್ ಅಲ್ಲ

ಬಿ.ಕಾಂ. ಮಕ್ಕಳಿಗೂ ಇಂಗ್ಲಿಷ್ ಒಂದು ಭಾಷಾ ವಿಷಯವಾಗಿ ಇರುತ್ತದೆ. ಐಚ್ಛಿಕ ಇಂಗ್ಲಿಷ್ ಅದಲ್ಲ. ಇದರಲ್ಲಿ ಕವಿತೆ, ನಾಟಕ, ಕಾದಂಬರಿ, ವಿಮರ್ಶೆ, ಭಾಷಾಶಾಸ್ತ್ರ, ಅನುವಾದಗೊಂಡ ಭಾರತೀಯ ಸಾಹಿತ್ಯ ಎಲ್ಲ ಬರುತ್ತದೆ. ಓದುವುದು ತುಂಬಾ, ಬರೆಯುವುದೂ ತುಂಬಾ. ಓದುವ ಅಭ್ಯಾಸವೇ ಇಲ್ಲದವರಿಗೆ ಇದು ಸುಲಭದ ಕೋರ್ಸ್ ಅಲ್ಲ.

ಕಥೆ ಬರೆಯುವುದನ್ನು ಕಲಿಸಲಿಕ್ಕೆ ಆಗ್ತದಾ?

ಪ್ರತಿಭೆ ಕಲಿಸಲಿಕ್ಕೆ ಆಗುವುದಿಲ್ಲ, ತಿದ್ದುವುದನ್ನು ಕಲಿಸಬಹುದು. ಸೃಜನಶೀಲ ಬರವಣಿಗೆಯ ತರಗತಿ ನಡೆಯುವುದು ಕಮ್ಮಟದ ಹಾಗೆ: ವಿದ್ಯಾರ್ಥಿ ಬರೆದು ತಂದದ್ದನ್ನು ಎಲ್ಲರೂ ಓದಿ ಎಲ್ಲಿ ಸಪ್ಪೆ, ಎಲ್ಲಿ ಅರ್ಥ ಆಗಲಿಲ್ಲ ಎಂದು ಹೇಳ್ತಾರೆ, ಮತ್ತೆ ಬರೆಯಬೇಕು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಇಂಥ ಕಾರ್ಯಕ್ರಮ 1936ರಲ್ಲೇ ಶುರುವಾಯಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾದಲ್ಲಿ 1970ರಲ್ಲಿ ಇಬ್ಬರು ಲೇಖಕರು ಎಂ.ಎ. ಆರಂಭಿಸಿದರು. ಅವರಲ್ಲಿ ಒಬ್ಬರು ಮಾಲ್ಕಂ ಬ್ರಾಡ್‌ಬರಿ.

ಈ ಬ್ರಾಡ್‌ಬರಿ ಅದಕ್ಕೂ ಮೊದಲು ಬರ್ಮಿಂಗ್‌ಹ್ಯಾಮ್‌ನಲ್ಲಿ ಯು.ಆರ್. ಅನಂತಮೂರ್ತಿಯವರ ಅಧ್ಯಾಪಕರಾಗಿದ್ದರು. ಅನಂತಮೂರ್ತಿ ಅಲ್ಲಿಗೆ ಹೋದದ್ದು ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡಲಿಕ್ಕೆ, ಅಲ್ಲಿದ್ದಾಗಲೇ ಬರೆದದ್ದು ಕನ್ನಡದ 'ಸಂಸ್ಕಾರ' (1965). ನಮ್ಮ ಮೊಗೇರಿಯ ಗೋಪಾಲಕೃಷ್ಣ ಅಡಿಗರೂ ಇಂಗ್ಲಿಷ್ ಅಧ್ಯಾಪಕರೇ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಇಂಗ್ಲಿಷ್ ಓದಿದರೆ ಕನ್ನಡ ಬಿಟ್ಟುಹೋಗ್ತದೆ ಎಂಬ ಹೆದರಿಕೆ ಬೇಡ. ಡಿಗ್ರಿ ಇದ್ದರೆ ಮಾತ್ರ ಬರೆಯಬಹುದು ಅಂತಲೂ ಇಲ್ಲ: ಕುಂದಾಪುರದ ವೈದೇಹಿ ಓದಿದ್ದು ಬಿ.ಕಾಂ., ಅವರಿಗೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ಎಲ್ಲಿ ಓದಬಹುದು?

* ಮಣಿಪಾಲದ ಮಾಹೆಯ ಅಡಿಯಲ್ಲಿ ಮಾನವಿಕ ವಿಷಯಗಳಿಗೇ ಒಂದು ಕೇಂದ್ರ ಉಂಟು: ಮಣಿಪಾಲ್ ಸೆಂಟರ್ ಫಾರ್ ಹ್ಯುಮಾನಿಟೀಸ್. ಪದವಿಯೂ ಉಂಟು, ಇಂಗ್ಲಿಷ್ ಎಂ.ಎ.ಯೂ ಉಂಟು. ಮಾಹೆ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯ; ಫೀಸು ಸರಕಾರಿ ಕಾಲೇಜಿನ ಹಾಗಲ್ಲ.
* ಉಡುಪಿಯ ಎಂ.ಜಿ.ಎಂ. (1949), ಪೂರ್ಣಪ್ರಜ್ಞ (1960), ಕಾರ್ಕಳದ ಭುವನೇಂದ್ರ (1960) ಮತ್ತು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಮಂಗಳೂರು ವಿವಿ ವ್ಯಾಪ್ತಿಯವು. ಐಚ್ಛಿಕ ಇಂಗ್ಲಿಷ್ ಈ ವರ್ಷ ಯಾವ ಕಾಂಬಿನೇಶನ್‌ನಲ್ಲಿ ಉಂಟೆಂದು ಕಾಲೇಜಿನ ಆಫೀಸಿನಲ್ಲೇ ಕೇಳಿ.
* ಎಂ.ಎ.ಗೆ ಕೊಣಾಜೆಯ ಮಂಗಳೂರು ವಿವಿ ಕ್ಯಾಂಪಸ್ ಇನ್ನೊಂದು ದಾರಿ.

ಕೆಲಸದ ಲೆಕ್ಕ

ಹೈಸ್ಕೂಲು ಶಿಕ್ಷಕರಾಗಲು ಪದವಿ ಜತೆಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ಎಂ.ಎ.ಯಲ್ಲಿ ಶೇ. 55 ಅಂಕ (ಪ.ಜಾತಿ, ಪ.ಪಂಗಡ ಮುಂತಾದವರಿಗೆ ಶೇ. 50), ಜತೆಗೆ ನೆಟ್ ಅಥವಾ ಕೆ-ಸೆಟ್. ಪತ್ರಿಕೆ, ಪ್ರಕಾಶನ, ಅನುವಾದ, ಜಾಹೀರಾತು, ಕಂಪೆನಿಗಳ ಕಂಟೆಂಟ್ ಬರವಣಿಗೆ ಇವೂ ಉಂಟು. ಯಾವುದೇ ಪದವಿ ಸಾಕೆನ್ನುವ ಬ್ಯಾಂಕ್, ಕೆಎಎಸ್ ಪರೀಕ್ಷೆಗಳನ್ನೂ ಬರೆಯಬಹುದು. ಆದರೆ ಒಂದು ಮಾತು ಸ್ಪಷ್ಟ: ಕಥೆ, ಕವಿತೆಯಿಂದಲೇ ಮನೆ ನಡೆಸುವವರು ಎಲ್ಲ ಭಾಷೆಯಲ್ಲೂ ಬೆರಳೆಣಿಕೆ. ಬರವಣಿಗೆಯ ಜತೆಗೆ ಒಂದು ಕೆಲಸದ ದಾರಿಯನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು.

ಫೀಸು ಕಟ್ಟುವ ಮೊದಲು ಕೇಳಿ

1. ಕೋರ್ಸ್ ಮೂರು ವರ್ಷವಾ, ನಾಲ್ಕು ವರ್ಷವಾ? ಒಟ್ಟು ಖರ್ಚು ಹಾಸ್ಟೆಲ್ ಸೇರಿ ಎಷ್ಟು?
2. ಸೃಜನಶೀಲ ಬರವಣಿಗೆ ಪೂರ್ತಿ ಕೋರ್ಸಾ, ಒಂದೇ ಪೇಪರಾ? ವಿದ್ಯಾರ್ಥಿ ಬರೆದದ್ದನ್ನು ಓದಿ ತಿದ್ದುವವರು ಯಾರು?
3. ವಿದ್ಯಾರ್ಥಿವೇತನ ಸಿಗ್ತದಾ? ಸರಕಾರದ್ದಕ್ಕೆ ಎಸ್‌ಎಸ್‌ಪಿ ಪೋರ್ಟಲ್, ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ನೋಡಿ.
4. ಹಿಂದಿನ ಬ್ಯಾಚಿನವರು ಈಗ ಏನು ಮಾಡ್ತಿದ್ದಾರೆ?

ಕೊನೆಯ ಪ್ರಶ್ನೆ ಮಗಳಿಗೇ ಕೇಳಿ: ಈ ವರ್ಷ ಪಠ್ಯ ಬಿಟ್ಟು ಯಾವ ಪುಸ್ತಕ ಓದಿದೆ, ಏನು ಬರೆದೆ? ಅವಳು ಉತ್ಸಾಹದಿಂದ ಅರ್ಧ ಗಂಟೆ ಮಾತಾಡಿದರೆ, ಈ ಕೋರ್ಸ್ ಅವಳಿಗೆ ಹೇಳಿದ್ದೇ.