ಶಾಸನದ ‘ೞ’ಕಾರಕ್ಕೆ ಗಣಕದಲ್ಲಿ ತಪ್ಪು ಹೆಸರು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಾವಿರದ ಮುನ್ನೂರು ವರ್ಷಗಳಷ್ಟು ಹಳೆಯ ಕನ್ನಡ ಬರಹಗಳಿವೆ. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಬೆಳಗೊಳದ 144 ಶಾಸನಗಳಿದ್ದವು. 1923ರಲ್ಲಿ ಆರ್. ನರಸಿಂಹಾಚಾರ್ಯರು ಹೊರತಂದ ಪರಿಷ್ಕೃತ ಸಂಪುಟದಲ್ಲಿ ಆ ಸಂಖ್ಯೆ 500ಕ್ಕೆ ಏರಿತು. ಈ ಪ್ರಾಚೀನ ಶಾಸನಗಳಲ್ಲಿ ಇಂದಿನ ವರ್ಣಮಾಲೆಯಲ್ಲಿಲ್ಲದ ಎರಡು ಅಕ್ಷರಗಳು ಸಿಗುತ್ತವೆ: ಱ ಮತ್ತು ೞ.

ೞಕಾರ ಬರಿಯ ಅಲಂಕಾರವಲ್ಲ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ ಇದನ್ನು ‘ರೞ’ ಎಂದು ಕರೆದು, ಕುಳ, ಕ್ಷಳಗಳಿಂದ ಬೇರ್ಪಡಿಸಿ ತೋರಿಸಿದ. ಆ ಹೊತ್ತಿಗಾಗಲೇ ಜನರ ಬಾಯಲ್ಲಿ ಅದು ಳಕಾರದೊಡನೆ ಬೆರೆತುಹೋಗಿತ್ತು.

ಈಗ ಗಣಕದ ಮಾತು. ಗಣಕಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಹೀಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಬೇಕು. ಲೋಕದ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಕೊಡುವ ವ್ಯವಸ್ಥೆಯೇ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳು ದೊರೆತವು. ‘ಕ’ದ ಸಂಖ್ಯೆ 3221. ‘ಕ್ಷ’ಕ್ಕೆ ಪ್ರತ್ಯೇಕ ಮನೆಯಿಲ್ಲ; ಕ, ವಿರಾಮಚಿಹ್ನೆ, ಷ ಎಂಬ ಮೂರು ಸಂಖ್ಯೆಗಳು ಕೂಡಿ ಅದಾಗುತ್ತದೆ. ಕಾಗುಣಿತದ ‘ಕಿ’ಗೆ ಎರಡು ಸಾಕು. ಇಥಿಯೋಪಿಯದ ಲಿಪಿಯಲ್ಲೂ ನಮ್ಮಂತೆಯೇ ಗುಣಿತವಿದೆ. ಆದರೆ ಅಲ್ಲಿ ಗುಣಿತಾಕ್ಷರಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ. ಆದ್ದರಿಂದ 1999ರಲ್ಲಿ ಆ ಲಿಪಿ ಸೇರಿದಾಗ 384 ಮನೆಗಳ ದೊಡ್ಡ ಕೇರಿಯೇ ಬೇಕಾಯಿತು.

ಭಾರತದ ಲಿಪಿಗಳನ್ನು ಮಾತ್ರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರು. ನಮ್ಮ ದೇಶದ 1988ರ ‘ಇಸ್ಕಿ’ ಮಾನಕ ಅದಕ್ಕೆ ಆಧಾರ. ನಾಗರಿಯ ಕ ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದ ಕ ಕೂಡ ಅಷ್ಟನೆಯದರಲ್ಲೇ. ತಮಿಳಿನ ೞಕಾರ ಇರುವ ಮನೆಯಲ್ಲೇ ನಮ್ಮದೂ ಕೂರಬೇಕಿತ್ತು. ಆ ಮನೆ ಕನ್ನಡದಲ್ಲಿ ಖಾಲಿಯಾಗಿದೆ! ನಮ್ಮ ೞ ಇರುವುದು ದೂರದ 3294ರಲ್ಲಿ, ಅದೂ ‘ಫಾ’ ಎಂಬ ಹೆಸರಿನಲ್ಲಿ. ನಾಗರಿಯ ಪಟ್ಟಿಯಲ್ಲಿ ಅದೇ ಸ್ಥಾನದಲ್ಲಿರುವುದು ಚುಕ್ಕಿಯಿಟ್ಟ ಫ. ಹೆಸರು ಅಲ್ಲಿಂದ ಹರಿದುಬಂದಂತೆ ತೋರುತ್ತದೆ.

ತಿದ್ದಬಾರದೇ ಎಂದರೆ, ಯೂನಿಕೋಡ್‌ನಲ್ಲಿ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ. ನಿಯಮ ಕಠಿಣವಾದರೂ ಅಕಾರಣವಲ್ಲ. ಹೆಸರನ್ನೇ ನಂಬಿ ಬರೆದ ತಂತ್ರಾಂಶಗಳು ಕೆಡಬಾರದು. ಆದ್ದರಿಂದ ‘ಇದು ತಪ್ಪು’ ಎಂಬ ಟಿಪ್ಪಣಿಯೊಂದನ್ನೂ, ಸರಿಯಾದ ಪರ್ಯಾಯ ನಾಮವನ್ನೂ ಪಕ್ಕದಲ್ಲಿ ಸೇರಿಸಿದ್ದಾರೆ. ತೆಲುಗಿನ ೞಕಾರ ತಡವಾಗಿ, 2014ರಲ್ಲಿ ಬಂತು; ಅದಕ್ಕೆ ಸರಿಯಾದ ಮನೆಯೂ ಸರಿಯಾದ ಹೆಸರೂ ಸಿಕ್ಕಿತು.

ಹೆಸರು ಏನಾದರೂ ಇರಲಿ, ಸಂಖ್ಯೆಯೊಂದು ಇದೆಯಲ್ಲ ಎನ್ನಬಹುದು. ನಿಜ, ಅಕ್ಷರ ಮೂಡುವುದು ಸಂಖ್ಯೆಯಿಂದಲೇ. ತೊಡಕಿರುವುದು ಬಳಕೆಯಲ್ಲಿ. ಕೀಲಿಮಣೆಯಲ್ಲಿ ೞ ಸಿಗದ ಬೆರಳಚ್ಚುಗಾರ ಳಕಾರವನ್ನೇ ಒತ್ತಿ ಮುಂದೆ ಹೋಗುತ್ತಾನೆ. ಕಣ್ಣಿಗೆ ಅದು ಸಣ್ಣ ವ್ಯತ್ಯಾಸ. ಗಣಕಕ್ಕೆ ಮಾತ್ರ ಎರಡೂ ಸಂಬಂಧವೇ ಇಲ್ಲದ ಅಂಕಿಗಳು. ಹಾಗೆ ದಾಖಲಾದ ಶಾಸನಪಾಠದಲ್ಲಿ ವಿದ್ಯಾರ್ಥಿಯೊಬ್ಬ ‘ಬಾೞ್’ ಪದವನ್ನು ಹುಡುಕಿದರೆ ಒಂದೂ ಸಿಗುವುದಿಲ್ಲ. ಬದುಕಿದ್ದ ಕಡೆಯಲ್ಲೆಲ್ಲ ಕತ್ತಿ ನಿಂತಿರುತ್ತದೆ.