ಪ್ರಸಾದದೃಷ್ಟಿಯೂ ನೆಟ್ಟಣ ಸೀಮೆಯ ಅಡುಗೆಮನೆಯೂ

ವೀರಶೈವ ಧರ್ಮದಲ್ಲಿ ಅನ್ನವು ಕೇವಲ ಹಸಿವನ್ನು ಹಿಂಗಿಸುವ ಪದಾರ್ಥವಲ್ಲ. ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆ. ಅಷ್ಟಾವರಣಗಳಲ್ಲಿ ಪ್ರಸಾದಕ್ಕೂ ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲಕ್ಕೂ ಸ್ಥಾನ ದೊರೆತಿರುವುದೇ ಈ ತತ್ತ್ವದ ಮಹತ್ತ್ವಕ್ಕೆ ಸಾಕ್ಷಿ. ಉಂಡ ತಟ್ಟೆಯಲ್ಲಿ ಅಗುಳೊಂದನ್ನೂ ಉಳಿಸದೆ, ಅದನ್ನು ತೊಳೆದ ನೀರನ್ನೂ ಚೆಲ್ಲದೆ ಸ್ವೀಕರಿಸುವ ಆಚಾರವು ಶರಣಕುಟುಂಬಗಳಲ್ಲಿಯೂ ಮಠಗಳಲ್ಲಿಯೂ ತಲೆತಲಾಂತರದಿಂದ ನಡೆದುಬಂದಿದೆ. ಈ ಆಚಾರದ ಹಿಂದಿರುವ ವಿಚಾರವೇನು, ಬಡತನದ ಮಿತವ್ಯಯಕ್ಕೂ ಇದಕ್ಕೂ ಇರುವ ಅಂತರವೇನು ಎಂಬುದು ಇಂದು ವಿವೇಚನೆಗೆ ಅರ್ಹವಾದ ಸಂಗತಿಯಾಗಿದೆ. ಏಕೆಂದರೆ ಅನ್ನವನ್ನು ಚೆಲ್ಲುವುದು ಈಗ ಸಿರಿವಂತರೊಬ್ಬರ ದೋಷವಾಗಿ ಉಳಿದಿಲ್ಲ.

ಈ ವಿಚಾರಕ್ಕೆ ವಚನವಾಙ್ಮಯದಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಚರಿತ್ರೆಗಿಂತ ಉಜ್ಜ್ವಲವಾದ ನಿದರ್ಶನ ಮತ್ತೊಂದಿಲ್ಲ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗಕ್ಕೆ ಪ್ರತ್ಯೇಕ ಸ್ಥಾನವೇ ಮೀಸಲಾಗಿದೆ. ಒಂದು ದಿನ ಮಾರಯ್ಯನು ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಸಂತೋಷಪಡಲಿಲ್ಲ. ಅವಶ್ಯಕತೆಯನ್ನು ಮೀರಿದ ಆ ಅಕ್ಕಿಯಲ್ಲಿ ಆಕೆ ಆಸೆಯ ಬೀಜವನ್ನು ಕಂಡಳು. ಅದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಮರಳಿ ಕಳುಹಿಸಿದಳು.

ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರಾಶೆಯ, ಕಾಯಕನಿಷ್ಠೆಯ ದೃಷ್ಟಾಂತವೆಂದು ವ್ಯಾಖ್ಯಾನಿಸಲಾಗುತ್ತದೆ. ಅದು ಯಥಾರ್ಥವೇ. ಆದರೆ ಇದರಲ್ಲಿ ಗೃಹಕೃತ್ಯದ ಸೂಕ್ಷ್ಮವೊಂದೂ ಅಡಗಿದೆ. ನೆಲದ ಮೇಲೆ ಚೆಲ್ಲಿದ ಅಕ್ಕಿ ಇತರರ ಕಣ್ಣಿಗೆ ಕಸ. ಮಾರಯ್ಯನ ಕಣ್ಣಿಗೆ ಅದು ದಾಸೋಹದ ದ್ರವ್ಯ. ಧೂಳು ಹತ್ತಿದ್ದರಿಂದಾಗಲೀ ನುಚ್ಚಾದದ್ದರಿಂದಾಗಲೀ ಅದರ ಅನ್ನತ್ವಕ್ಕೆ ಕುಂದಿಲ್ಲವೆಂಬುದು ಮೊದಲನೆಯ ಪಾಠ. ಆಹಾರದ ಅಪವ್ಯಯವು ಆರಂಭವಾಗುವುದು ತಿಪ್ಪೆಯಲ್ಲಲ್ಲ, ಬೇಕಾದುದಕ್ಕಿಂತ ಹೆಚ್ಚನ್ನು ಮನೆಗೆ ತರುವ ಹೊಸ್ತಿಲಿನಲ್ಲಿ ಎಂಬುದು ಎರಡನೆಯ ಪಾಠ. ಮೊದಲನೆಯದನ್ನು ಮಾರಯ್ಯನ ಕಾಯಕವೂ ಎರಡನೆಯದನ್ನು ಲಕ್ಕಮ್ಮನ ವಿವೇಕವೂ ಬೋಧಿಸುತ್ತವೆ.

ಮೊದಲನೆಯ ಪಾಠಕ್ಕೆ ಶಾಸ್ತ್ರೀಯವಾದ ಆಧಾರವು ಅರ್ಪಿತತತ್ತ್ವದಲ್ಲಿ ದೊರೆಯುತ್ತದೆ. ಪದಾರ್ಥದ ರೂಪನ್ನು ಇಷ್ಟಲಿಂಗಕ್ಕೂ, ರುಚಿಯನ್ನು ಪ್ರಾಣಲಿಂಗಕ್ಕೂ, ತೃಪ್ತಿಯನ್ನು ಭಾವಲಿಂಗಕ್ಕೂ ಅರ್ಪಿಸಬೇಕೆಂಬುದು ಶರಣರ ನಿಲವು. ಇಲ್ಲಿ ರೂಪಕ್ಕೆ ಸ್ಥಾನವಿದೆ, ಆದರೆ ಅದು ಮೂರರಲ್ಲಿ ಮೊದಲನೆಯ ಮೆಟ್ಟಿಲು ಮಾತ್ರ. ಕಾಯಿ ಡೊಂಕಾಗಿದೆಯೆಂದು, ಹಣ್ಣಿನ ಸಿಪ್ಪೆಯ ಮೇಲೆ ಚುಕ್ಕೆಯಿದೆಯೆಂದು ಪದಾರ್ಥವನ್ನು ದೂರವಿಡುವವನು ರೂಪದಲ್ಲಿಯೇ ನಿಂತುಬಿಡುತ್ತಾನೆ. ರುಚಿಯ ಅರ್ಪಿತವೂ ತೃಪ್ತಿಯ ಅರ್ಪಿತವೂ ಅವನಿಗೆ ದಕ್ಕುವುದಿಲ್ಲ. ಪ್ರಸಾದಿಸ್ಥಲದ ಭಕ್ತಿಯನ್ನು ಅವಧಾನಭಕ್ತಿಯೆಂದು ಕರೆದಿರುವುದೂ ಇಲ್ಲಿ ಗಮನಾರ್ಹ. ಕೈಗೆ ಬಂದ ಪದಾರ್ಥದ ವಿಷಯದಲ್ಲಿ ಸದಾ ಎಚ್ಚರವಾಗಿರುವುದೇ ಅವಧಾನ.

ಕಲ್ಯಾಣದಿಂದ ಬಹುದೂರದಲ್ಲಿ, ಪಶ್ಚಿಮಘಟ್ಟದ ಬುಡದಲ್ಲಿ ನೆಟ್ಟಣವೆಂಬ ಊರಿದೆ. ಹಾಸನ-ಮಂಗಳೂರು ರೈಲುಮಾರ್ಗದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣವಿರುವುದು ಇಲ್ಲಿಯೇ. ಊರು ಈಗ ಕಡಬ ತಾಲೂಕಿಗೆ ಸೇರಿದೆ. ಇದರ ನೆರೆಯ ಅಮರಸುಳ್ಯ ಸೀಮೆಗೆ ವೀರಶೈವ ಇತಿಹಾಸದೊಡನೆ ನೇರವಾದ ಸಂಬಂಧವುಂಟು. ಕೊಡಗಿನ ಹಾಲೇರಿ ವಂಶದ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆಯನ್ನು, 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾದ ಮೇಲೆ, ಕಂಪನಿ ಸರ್ಕಾರವು ಕನ್ನಡ ಜಿಲ್ಲೆಗೆ ಸೇರಿಸಿತು. ಅದುವರೆಗೆ ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದ ಒಕ್ಕಲುಗಳು ಅದನ್ನು ನಗದಾಗಿ ತೆರಬೇಕಾಯಿತು. 1837ರ ಅಮರಸುಳ್ಯ ದಂಗೆಗೆ ಇದೂ ಒಂದು ಮುಖ್ಯ ಕಾರಣ. ಹೊಟ್ಟೆ ತುಂಬುವ ಗುಣದಿಂದ ಅಳೆಯಲ್ಪಡುತ್ತಿದ್ದ ಬೆಳೆಯು ಪೇಟೆಯಲ್ಲಿ ದೊರೆಯುವ ಬೆಲೆಯಿಂದ ಅಳೆಯಲ್ಪಡುವ ಕಾಲವು ಹೀಗೆ ಈ ಸೀಮೆಗೆ ಪ್ರವೇಶಿಸಿತೆನ್ನಬಹುದು.

ಆದರೂ ಅಡುಗೆಮನೆಯು ಬಹುಕಾಲ ಹಳೆಯ ಅಳತೆಯನ್ನೇ ಉಳಿಸಿಕೊಂಡಿತು. ತಿಂಗಳುಗಟ್ಟಲೆ ಸುರಿಯುವ ಮಳೆ, ಆಟಿ ತಿಂಗಳಿನ ಅಭಾವ, ದೂರದ ಪೇಟೆ, ಇವು ಇಲ್ಲಿನ ಗೃಹಿಣಿಯರಿಗೆ ಗುರುಗಳಾದವು. ಬೇಸಗೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಬಾಳೆನಾರಿನಿಂದ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕಿ ಮಳೆಗಾಲವಿಡೀ ಬಳಸುತ್ತಿದ್ದರು. ಅವುಗಳಲ್ಲಿ ನೆಟ್ಟಗಿನದು ಯಾವುದು, ಸೊಟ್ಟಗಿನದು ಯಾವುದು ಎಂದು ಕೇಳುವವರಿರಲಿಲ್ಲ. ಕೊಳೆಯತೊಡಗಿದ್ದು ಯಾವುದೆಂದು ದಿನವೂ ನೋಡುವುದಷ್ಟೇ ಮುಖ್ಯವಾಗಿತ್ತು. ತಿರುಳು ಹುಳಿಗಾದರೆ ಬೀಜ ಸಾರಿಗೆ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು, ದಾಳಿಂಬೆಯ ಸಿಪ್ಪೆ ತಂಬುಳಿಯಾಗುತ್ತಿತ್ತು. ಗೊನೆ ಕಡಿದ ಬಾಳೆಯ ದಿಂಡೂ ಹೂವೂ ಪಲ್ಯಕ್ಕೆ ಒದಗುತ್ತಿದ್ದವು. ಅಕ್ಕಿ ತೊಳೆದ ಅಕ್ಕಚ್ಚು ಹಟ್ಟಿಯ ಹಸುವಿಗೆ ಸಲ್ಲುತ್ತಿತ್ತು.

ಹಲಸಿನ ವಿನಿಯೋಗವಂತೂ ಒಂದು ಪ್ರತ್ಯೇಕ ಶಾಸ್ತ್ರವೇ ಸರಿ. ಈ ಹಣ್ಣಿಗೆ ರೂಪಸಂಪತ್ತು ಇಲ್ಲ; ಮೈತುಂಬ ಮುಳ್ಳು, ಕೊಯ್ದರೆ ಮೇಣ, ಒಂದರಂತೆ ಇನ್ನೊಂದು ಇರುವುದೂ ಇಲ್ಲ. ಆದರೆ ಬಲಿತ ಕಾಯಿಯ ಸೊಳೆಯನ್ನು ಉಪ್ಪಿನೊಡನೆ ಭರಣಿಯಲ್ಲಿ ಒತ್ತಿಟ್ಟರೆ ಮಳೆಗಾಲದ ತರಕಾರಿಯಾಯಿತು. ಬೇಯಿಸಿ ಕುಟ್ಟಿ ತಟ್ಟಿದರೆ ಹಪ್ಪಳವಾಯಿತು. ಬೀಜಕ್ಕೆ ಕೆಮ್ಮಣ್ಣು ಬೆರೆಸಿ ಕೆಡದಂತೆ ಇರಿಸುತ್ತಿದ್ದರು. ಉಪ್ಪಿನಲ್ಲಿ ಬೇಯಿಸಿ ಒಣಗಿಸಿದರೆ ಅದೇ ಸಾಂತಾಣಿ. ರೆಚ್ಚೆ ದನಗಳ ಮೇವಾಯಿತು. ಕಾಡುಮಾವಿನ ಸಣ್ಣ, ಕಲೆಬಿದ್ದ ಹಣ್ಣುಗಳ ರಸವನ್ನು ಪದರಪದರವಾಗಿ ಹರಡಿ ಒಣಗಿಸಿದ ಮಾಂಬಳವು ವರ್ಷವಿಡೀ ಉಳಿಯುತ್ತಿತ್ತು.

ಈ ಮನೆಗಳವರೆಲ್ಲರೂ ವೀರಶೈವರಲ್ಲ. ವಚನಗಳನ್ನು ಓದಿ ಇದನ್ನು ಕಲಿತವರೂ ಅಲ್ಲ. ಅವರಿಗೆ ಕಲಿಸಿದ್ದು ಅಭಾವ. ಆದುದರಿಂದಲೇ ಅಭಾವವು ಹಿಂದೆ ಸರಿದಂತೆ ಈ ಪದ್ಧತಿಯೂ ಸಡಿಲವಾಯಿತು. 1979ರಲ್ಲಿ ರೈಲುಮಾರ್ಗವು ಪೂರ್ಣಗೊಂಡಿತು, ರಸ್ತೆಗಳು ಸುಧಾರಿಸಿದವು, ಅಡಕೆ-ರಬ್ಬರುಗಳಿಂದ ಕೈಯಲ್ಲಿ ಹಣವಾಡಿತು, ಘಟ್ಟದ ಮೇಲಿನ ತರಕಾರಿಯು ಮಳೆಗಾಲದಲ್ಲಿಯೂ ಅಂಗಡಿಗೆ ಬರತೊಡಗಿತು. ಹಲಸಿನ ಹಣ್ಣುಗಳು ಮರದ ಬುಡದಲ್ಲಿಯೇ ಬಿದ್ದು ಕೊಳೆಯುವುದು ಸಾಮಾನ್ಯ ದೃಶ್ಯವಾಯಿತು. ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತಿರುವ ‘ಅಡಿಕೆ ಪತ್ರಿಕೆ’ಯು ಹಲಸಿನ ಮೌಲ್ಯವನ್ನು ಕೃಷಿಕರಿಗೆ ಮತ್ತೆ ನೆನಪಿಸಲು ದೀರ್ಘಕಾಲ ಶ್ರಮಿಸಬೇಕಾಗಿ ಬಂದದ್ದು ಈ ಮರೆವು ಎಷ್ಟು ಆಳವಾಗಿತ್ತೆಂಬುದಕ್ಕೆ ಸಾಕ್ಷಿ.

ಲಕ್ಕಮ್ಮನ ಹಿರಿಮೆ ಪ್ರಕಾಶಕ್ಕೆ ಬರುವುದು ಇಲ್ಲಿಯೇ. ಆಕೆ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ್ದು ಅಕ್ಕಿ ಇಲ್ಲದ ಊರಿನಲ್ಲಲ್ಲ, ಮಹಾಮನೆಯ ಅಂಗಳದಲ್ಲಿ ಅಕ್ಕಿ ಚೆಲ್ಲುವಷ್ಟು ಸಮೃದ್ಧವಾಗಿದ್ದ ಕಲ್ಯಾಣದಲ್ಲಿ. ಅಭಾವದಿಂದ ಹುಟ್ಟಿದ ಮಿತವು ಸಮೃದ್ಧಿಯೊಡನೆ ಅಳಿಯುತ್ತದೆ. ಅವಧಾನದಿಂದ ಹುಟ್ಟಿದ ಮಿತವು ಸಮೃದ್ಧಿಯ ನಡುವೆಯೂ ನಿಲ್ಲುತ್ತದೆ. ಬಡತನದ ಮಿತವ್ಯಯಕ್ಕೂ ಪ್ರಸಾದದೃಷ್ಟಿಗೂ ಇರುವ ಅಂತರವು ಇದೇ.

ಈ ಅಂತರವನ್ನು ಅರಿಯದ ಸಮೃದ್ಧಿಯ ಫಲವು ಇಂದು ಲೋಕವ್ಯಾಪಿಯಾಗಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ನುಗಳಷ್ಟು ಆಹಾರವು ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲಿ. ರೂಪವ್ಯಾಮೋಹವು ಶಾಸನದ ರೂಪವನ್ನು ತಾಳಿದ್ದೂ ಉಂಟು. ಅತ್ಯುತ್ತಮ ದರ್ಜೆಯ ಸೌತೆಕಾಯಿಯು ಪ್ರತಿ 10 ಸೆಂಟಿಮೀಟರ್ ಉದ್ದಕ್ಕೆ 10 ಮಿಲಿಮೀಟರಿಗಿಂತ ಹೆಚ್ಚು ಬಾಗಿರಬಾರದೆಂದು ಯುರೋಪಿನ ಒಕ್ಕೂಟವು 1988ರಲ್ಲಿ ವಿಧಿಸಿತ್ತು. ಇಂತಹ ನಿಯಮಗಳಲ್ಲಿ 26 ಬಗೆಯ ಹಣ್ಣು-ತರಕಾರಿಗಳಿಗೆ ಸಂಬಂಧಿಸಿದವನ್ನು ಅದು ಕೈಬಿಟ್ಟದ್ದು 2009ರ ಜುಲೈ ತಿಂಗಳಿನಿಂದ. ಆಕಾರಕ್ಕಾಗಿ ಆಹಾರವನ್ನು ಎಸೆಯುವುದು ಅವಿವೇಕವೆಂಬ ಅರಿವು ಅಲ್ಲಿಗೂ ತಡವಾಗಿಯಾದರೂ ಬಂದಿತು.

ನೆಟ್ಟಣದ ಪರಿಸರದಲ್ಲಿಯೇ, ಕಿದುವಿನಲ್ಲಿ, ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯ ಕೇಂದ್ರವಿದೆ. ದಕ್ಷಿಣ ಏಷ್ಯಾದ ದೇಶಗಳಿಗಾಗಿ ತೆಂಗಿನ ನಾನಾ ತಳಿಗಳನ್ನು ಅಲ್ಲಿ ಸಂರಕ್ಷಿಸಲಾಗಿದೆ. ಕಾಯಿಯ ಗಾತ್ರ, ಬಣ್ಣ, ಆಕಾರಗಳಲ್ಲಿ ಒಂದಕ್ಕೊಂದು ಹೋಲದ ತಳಿಗಳಿಗೂ ಅಲ್ಲಿ ಸಮಾನವಾದ ಸ್ಥಾನ. ಪೇಟೆಯ ಕಣ್ಣಿಗೆ ಹಿಡಿಸದ ಕಾಯಿಯ ವಂಶದಲ್ಲಿ ನಾಳೆಗೆ ಬೇಕಾದ ಗುಣವು ಅಡಗಿರಬಹುದೆಂಬುದು ಸಂಶೋಧಕರ ದೃಷ್ಟಿ. ಹೊರಗಿನ ರೂಪದಿಂದ ಒಳಗಿನ ಸಾರವನ್ನು ನಿರ್ಣಯಿಸಬಾರದೆಂಬ ಶರಣರ ನಿಲವಿಗೆ ಇದು ಸಮೀಪವಾದುದು.

ಇಲ್ಲಿ ಒಂದು ವಿವೇಕವು ಅಗತ್ಯ. ಸೊಟ್ಟಗಿರುವುದು ಬೇರೆ, ಕೆಟ್ಟಿರುವುದು ಬೇರೆ. ಬೂಸಲು ಹಿಡಿದುದನ್ನೂ ಹಳಸಿದುದನ್ನೂ ಪ್ರಸಾದವೆಂಬ ಹೆಸರಿನಲ್ಲಿ ಉಣ್ಣುವುದು ಅವಧಾನವಲ್ಲ. ಎಲೆಯಲ್ಲಿ ಉಳಿಯಬಾರದೆಂದು ಹಸಿವನ್ನು ಮೀರಿ ಉಣ್ಣುವುದೂ ಅವಧಾನವಲ್ಲ. ತರುವಾಗ ಮನೆಯ ಅಗತ್ಯವನ್ನು ನೋಡಿ ತರುವುದು, ಆರಿಸುವಾಗ ಚೆಲುವಿಗಿಂತ ಸತ್ತ್ವವನ್ನು ನೋಡುವುದು, ಮೊದಲು ಕೆಡುವುದನ್ನು ಮೊದಲು ಬೇಯಿಸುವುದು, ಬಡಿಸುವಾಗ ಹಸಿವನ್ನು ಕೇಳಿ ಬಡಿಸುವುದು, ಮಿಕ್ಕುದು ಕೆಡುವ ಮುನ್ನ ಹಸಿದವರಿಗೆ ಮುಟ್ಟಿಸುವುದು, ಇಷ್ಟೇ ಈ ವ್ರತದ ವಿಧಿ. ಇದಕ್ಕೆ ದ್ರವ್ಯ ಬೇಡ, ಪಾಂಡಿತ್ಯ ಬೇಡ.

ತಟ್ಟೆಯನ್ನು ತೊಳೆದು ಕುಡಿಯುವ ಆಚಾರವನ್ನು ಬಲ್ಲವರು ಇನ್ನೂ ಅನೇಕರಿದ್ದಾರೆ. ಆ ಎಚ್ಚರವು ತಟ್ಟೆಯಿಂದ ಒಲೆಗೆ, ಒಲೆಯಿಂದ ಸಂತೆಯ ಚೀಲಕ್ಕೆ ಹಿಂದಕ್ಕೆ ಸಾಗಬೇಕಾಗಿದೆ. ಹಾಗೆ ಸಾಗಿದ ಮನೆಯಲ್ಲಿ ಲಕ್ಕಮ್ಮನ ದಾಸೋಹವು ಇಂದಿಗೂ ನಡೆಯುತ್ತಿರುತ್ತದೆ.